ಮಳೆ ಬಿಟ್ಟ ಹಿತ್ತಲು: ಭೂಮಿ ಹುಣ್ಣಿಮೆಯಿಂದ ಕಾರ್ತಿಕದವರೆಗೆ ಮಲೆನಾಡಿನ ಕೈತೋಟದ ಕೆಲಸ

ಹಸ್ತ ಮಳೆ ಮುಗಿದು ಚಿತ್ತೆ ಹಿಡಿಯುವ ಹೊತ್ತಿಗೆ ಮಲೆನಾಡಿನ ಯಾವ ಹಿತ್ತಲಿಗೆ ಹೋದರೂ ನೋಟ ಒಂದೇ. ಕಳೆ ಮೊಣಕಾಲುದ್ದ ಬೆಳೆದಿರುತ್ತದೆ, ಬೇಕೆಂದು ನೆಟ್ಟ ಗಿಡ ಮಾತ್ರ ಹಳದಿ ತಿರುಗಿ ನಿಂತಿರುತ್ತದೆ. ಆ ಹಳದಿ ಕಂಡ ಕೂಡಲೇ ಒಂದು ಹಿಡಿ ಯೂರಿಯಾ ಎರಚುವುದು ಹೆಚ್ಚಿನವರ ರೂಢಿ. ನಾಲ್ಕು ದಿನ ಹಸಿರಾದಂತೆ ಕಂಡು ಗಿಡ ಮತ್ತೆ ಮೊದಲಿನ ಹಾಗೇ ಆಗುತ್ತದೆ.

ಗಿಡ ಹಳದಿಯಾಗುವುದಕ್ಕೆ ಎರಡು ಕಾರಣ. ನಾಲ್ಕು ತಿಂಗಳ ಮಳೆ ಮಣ್ಣಿನಲ್ಲಿದ್ದ ಸಾರಜನಕ, ಪೊಟ್ಯಾಷ್, ಸುಣ್ಣ, ಮೆಗ್ನೀಸಿಯಂ, ಬೋರಾನ್ ಎಲ್ಲವನ್ನೂ ತೊಳೆದುಕೊಂಡು ಹೋಗಿರುತ್ತದೆ. ಅದರ ಜತೆಗೆ ನೀರು ಕುಡಿದು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಇರುವುದಿಲ್ಲ. ಉಸಿರಾಡದ ಬೇರು ಗೊಬ್ಬರವನ್ನೂ ಎಳೆಯುವುದಿಲ್ಲ. ಹಾಗಾಗಿ ಈ ಕಾಲದಲ್ಲಿ ಏನು ಹಾಕಬೇಕು ಎನ್ನುವುದಕ್ಕಿಂತ ಯಾವುದರ ಹಿಂದೆ ಯಾವುದು ಎನ್ನುವುದೇ ದೊಡ್ಡದು. ಮೊದಲು ನೀರು ಬಸಿಯಬೇಕು, ಆಮೇಲೆ ಸುಣ್ಣ, ನಡುವೆ ಎರಡು ಮೂರು ವಾರ ಬಿಡುವು, ಆಮೇಲೆ ಗೊಬ್ಬರ, ಕೊನೆಗೆ ಬೀಜ ಮತ್ತು ಸಸಿ. ಈ ಸಾಲು ತಪ್ಪಿದರೆ ಖರ್ಚು ಮಾಡಿದ್ದೆಲ್ಲ ಮುಂದಿನ ಮಳೆಗೆ ಹೊಳೆ ಸೇರುತ್ತದೆ.

ಕೈಯಲ್ಲಿರುವ ಸಮಯ ಹೆಚ್ಚಿಲ್ಲ. ಭೂಮಿ ಹುಣ್ಣಿಮೆಗೆ (ಸೀಗೆ ಹುಣ್ಣಿಮೆ) ಗದ್ದೆಗೆ ಬುತ್ತಿ ಒಯ್ದು ಬಂದ ಮೇಲೆ ಸುಮಾರು ಆರೇಳು ವಾರ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಮಳೆ ಬೇಗ ಹಿಂದೆಗೆಯುತ್ತದೆ, ಅಲ್ಲಿ ಅಕ್ಟೋಬರ್ ಮೊದಲ ವಾರದಲ್ಲೇ ಮಣ್ಣು ಕೆಲಸಕ್ಕೆ ಬರಬಹುದು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಸುರಿಯುವ ಆಗುಂಬೆಯ ಸುತ್ತ, ಹೊಸನಗರ, ತೀರ್ಥಹಳ್ಳಿಯ ಘಟ್ಟದಂಚಿನಲ್ಲಿ ಹತ್ತು ಹದಿನೈದು ದಿನ ತಡ. ಕ್ಯಾಲೆಂಡರ್ ನೋಡಿ ಗುದ್ದಲಿ ಹಿಡಿಯಬೇಡಿ, ಮಣ್ಣು ಮುಟ್ಟಿ ನೋಡಿ.

ಮಣ್ಣು ಹದಕ್ಕೆ ಬಂದಿದೆಯೇ?

ನಾಲ್ಕಿಂಚು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ನೆಲಕ್ಕೆ ಬಿದ್ದು ಪುಡಿಯಾದರೆ ಅಗೆಯಬಹುದು. ಚಪ್ಪಟೆಯಾಗಿ ಅಂಟಿಕೊಂಡರೆ ಇನ್ನೂ ಒಂದು ವಾರ ಕಾಯಿರಿ. ಜಂಬಿಟ್ಟಿಗೆ ಮಣ್ಣನ್ನು ಹಸಿಯಲ್ಲಿ ಅಗೆದರೆ ಹೆಂಟೆಗಳು ಬಿಸಿಲಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತವೆ, ಆಮೇಲೆ ಇಡೀ ಬೇಸಿಗೆ ಒಡೆದರೂ ಹುಡಿಯಾಗುವುದಿಲ್ಲ.

ಕಾಯುವ ವಾರದಲ್ಲಿ ನೀರಿನ ಕೆಲಸ ಮುಗಿಸಿ. ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ನಾಲ್ಕು ಗಂಟೆಯೊಳಗೆ ಇಂಗಿದರೆ ಚಿಂತೆಯಿಲ್ಲ. ಸಂಜೆಯವರೆಗೂ ನಿಂತರೆ ಅಲ್ಲಿ ನೆಲಮಟ್ಟದಲ್ಲಿ ಏನನ್ನೂ ನೆಡಬೇಡಿ, ಏರುಮಡಿ ಮಾಡಲೇಬೇಕು. ಮಳೆಗಾಲದಲ್ಲಿ ಹೂಳು ತುಂಬಿದ ಬಸಿಗಾಲುವೆಯನ್ನು ಈಗಲೇ ಬಿಡಿಸಿ, ಆ ಹೂಳನ್ನು ಎಸೆಯದೆ ಮಡಿಯ ಮೇಲೆ ಎಳೆದು ಹಾಕಿ. ನಿಮ್ಮ ಮೇಲ್ಮಣ್ಣು ಹರಿದು ಹೋಗಿ ಕೂತದ್ದೇ ಅಲ್ಲಿ.

ಕಳೆಯನ್ನು ಬೀಜ ಕಟ್ಟುವ ಮೊದಲು ಕೀಳಿ. ಕೈಯಲ್ಲಿ ಕಿತ್ತರೆ ಬುಡಸಮೇತ ಬರುವುದು ಈ ಒಂದು ತಿಂಗಳು ಮಾತ್ರ, ಡಿಸೆಂಬರಿಗೆ ಗುದ್ದಲಿ ಬೇಕು. ಬೀಜ ಕಟ್ಟಿದ ಕಳೆಯನ್ನು ಗೊಬ್ಬರಗುಂಡಿಗೆ ಹಾಕಿದರೆ ಮುಂದಿನ ವರ್ಷ ಅದನ್ನೇ ಹೊತ್ತು ತಂದು ಮಡಿಗೆ ಬಿತ್ತಿದ ಹಾಗೆ.

ಸುಣ್ಣ: ಎಷ್ಟು, ಯಾವಾಗ, ಯಾವುದಕ್ಕೆ ಬೇಡ

ಮಳೆ ಹೆಚ್ಚಾದಷ್ಟೂ ಮಣ್ಣು ಹುಳಿಯಾಗುತ್ತದೆ. ಮಲೆನಾಡಿನ ಬಹುಪಾಲು ಹಿತ್ತಲಿನ ರಸಸಾರ (ಪಿಎಚ್; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5ರಿಂದ 6ರ ನಡುವೆ. ರಸಸಾರ 5.5ಕ್ಕಿಂತ ಇಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ, ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ತರಕಾರಿಗೆ ಬೇಕಾದದ್ದು 6ರಿಂದ 6.8. ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಶಿವಮೊಗ್ಗದವರಿಗೆ ನವಿಲೆಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ಹಿತ್ತಲಿನ ಎಂಟು ಹತ್ತು ಕಡೆಯಿಂದ ಆರಿಂಚು ಆಳದ ಮಣ್ಣು ತೆಗೆದು, ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ. ಒಯ್ದರೆ ಸಾಕು.

ಪರೀಕ್ಷೆ ಮಾಡಿಸದಿದ್ದರೂ ಒಂದು ಚದರ ಮೀಟರಿಗೆ 100 ಗ್ರಾಂ ಕೃಷಿ ಸುಣ್ಣ ಹಾಕಿದರೆ ಅಪಾಯವಿಲ್ಲ, ಅಂದರೆ ಗುಂಟೆಗೆ 10 ಕೆ.ಜಿ. ಮಣ್ಣು ತೀರಾ ಹುಳಿ ಎಂದು ವರದಿ ಬಂದರೆ 150 ಗ್ರಾಂ. ಡಾಲೊಮೈಟ್ ಸಿಕ್ಕರೆ ಅದನ್ನೇ ಕೊಳ್ಳಿ, ಸುಣ್ಣದ ಜತೆ ಮೆಗ್ನೀಸಿಯಂ ಕೂಡ ಬರುತ್ತದೆ. ಗಾಳಿಯಿಲ್ಲದ ಬೆಳಗ್ಗೆ ಸಮನಾಗಿ ಎರಚಿ, ಮೇಲಿನ ನಾಲ್ಕೈದು ಇಂಚು ಮಣ್ಣಿಗೆ ಕೆದಕಿ ಬೆರೆಸಿ. ಗೋಡೆಗೆ ಹಚ್ಚುವ ಸುಟ್ಟ ಸುಣ್ಣವನ್ನು ಗಿಡದ ಬುಡಕ್ಕೆ ಸುರಿಯುವವರಿದ್ದಾರೆ, ಅದು ಬೇರನ್ನೇ ಸುಡುತ್ತದೆ.

ಇನ್ನು ಬಿಡುವಿನ ಮಾತು. ಸುಣ್ಣ ಮತ್ತು ಸಗಣಿ ಗೊಬ್ಬರವನ್ನು ಒಂದೇ ದಿನ ಬೆರೆಸಿದರೆ ಮೂಗಿಗೆ ಅಡರುವ ಒಂದು ಘಾಟು ಬರುತ್ತದಲ್ಲ, ಅದು ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುವ ವಾಸನೆ. ಎರಡರಿಂದ ಮೂರು ವಾರ ಬಿಟ್ಟರೆ ಈ ನಷ್ಟವಿಲ್ಲ. ಶಿಲಾರಂಜಕ (ರಾಕ್ ಫಾಸ್ಫೇಟ್) ಹಾಕುವವರಿಗೂ ಒಂದು ಎಚ್ಚರಿಕೆ: ಅದು ಕರಗುವುದೇ ಹುಳಿ ಮಣ್ಣಿನಲ್ಲಿ. ಸುಣ್ಣ ಹಾಕಿದ ಮಡಿಗೆ ಅದನ್ನು ಹಾಕಿದರೆ ಕಲ್ಲಿನ ಪುಡಿಯಾಗಿಯೇ ಬಿದ್ದಿರುತ್ತದೆ, ಅಂಥ ಕಡೆ ಸೂಪರ್ ಫಾಸ್ಫೇಟ್ ವಾಸಿ.

ಬಚ್ಚಲ ಒಲೆಯ ಬೂದಿ ಇರುವ ಮನೆಯವರಿಗೆ ಅರ್ಧ ಕೆಲಸ ಪುಕ್ಕಟೆ. ಅದರಲ್ಲಿ ಪೊಟ್ಯಾಷ್ ಇದೆ, ಸುಣ್ಣದ ಗುಣವೂ ಇದೆ. ಚದರ ಮೀಟರಿಗೆ 100 ಗ್ರಾಂ ಮೀರದಂತೆ, ಜರಡಿ ಹಿಡಿದು ಹಾಕಿ. ಬೂದಿ ಹಾಕಿದ ಕಡೆ ಸುಣ್ಣವನ್ನು ಅದಕ್ಕೆ ತಕ್ಕಂತೆ ಇಳಿಸಿ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಸುಡುವ ಅಭ್ಯಾಸವಿದ್ದರೆ ಆ ಬೂದಿ ತೋಟಕ್ಕೆ ಬೇಡವೇ ಬೇಡ.

ಸುಣ್ಣ, ಬೂದಿ ಎರಡೂ ಮುಟ್ಟಿಸಬಾರದ ಗಿಡಗಳೂ ಇವೆ. ಕೇಪಳ, ಜರಿಗಿಡ, ಆಂಥೂರಿಯಂ, ಹೈಡ್ರೇಂಜಿಯಾ ಹುಳಿ ಮಣ್ಣಿನಲ್ಲೇ ಸುಖವಾಗಿರುತ್ತವೆ. ನೀಲಿ ಬಿಡುತ್ತಿದ್ದ ಹೈಡ್ರೇಂಜಿಯಾ ಬುಡಕ್ಕೆ ಸುಣ್ಣ ಬಿದ್ದರೆ ಮುಂದಿನ ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಯಾರೋ ಗಿಡ ಬದಲಾಯಿಸಿದರು ಎಂದು ಗಾಬರಿಯಾಗಬೇಡಿ.

ಗೊಬ್ಬರ ಸಿದ್ಧ ಮಾಡಿಕೊಳ್ಳುವುದು

ಸುಣ್ಣ ಹಾಕಿದ ದಿನವೇ ಗೊಬ್ಬರವನ್ನು ಬೇರೆ ಕಡೆ ತಯಾರಿಗಿಡಿ. ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ 10 ಕೆ.ಜಿ.ಗೆ 100 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವ ಮಾಡಿ, ನೆರಳಲ್ಲಿ ಗೋಣಿ ಹೊದಿಸಿ. ಐದು ದಿನಕ್ಕೊಮ್ಮೆ ತಿರುವಿ ಹಾಕಿದರೆ ಹದಿನೈದು ದಿನದಲ್ಲಿ ಗೊಬ್ಬರದ ತುಂಬ ಬಿಳಿ, ಹಸಿರು ಬೂಷ್ಟು ಹಬ್ಬಿರುತ್ತದೆ. ಅಷ್ಟರಲ್ಲಿ ಸುಣ್ಣದ ಗಡುವೂ ಮುಗಿಯುತ್ತದೆ. ಚದರ ಮೀಟರಿಗೆ ಈ ಗೊಬ್ಬರ 2ರಿಂದ 3 ಕೆ.ಜಿ., ಬೇವಿನ ಹಿಂಡಿ 100 ಗ್ರಾಂ. ಕೋಸಿನ ಜಾತಿಯ ಮಡಿಗೆ ಮಾತ್ರ ಚದರ ಮೀಟರಿಗೆ 1 ಗ್ರಾಂ ಬೋರಾಕ್ಸ್ ಮರಳಲ್ಲಿ ಬೆರೆಸಿ ಎರಚಿ. ಬೋರಾನ್ ಇಲ್ಲದಿದ್ದರೆ ಹೂಕೋಸಿನ ದಂಟು ಒಳಗೆ ಟೊಳ್ಳಾಗುತ್ತದೆ, ಹೂ ಕಂದುತ್ತದೆ. ಒಂದು ಗ್ರಾಂ ಸಾಲದೇನೋ ಎಂದು ಚಮಚಗಟ್ಟಲೆ ಸುರಿದರೆ ಅದೇ ವಿಷ.

ಹಸಿ ಸಗಣಿಯನ್ನು ನೇರ ಮಡಿಗೆ ತರಬೇಡಿ, ಅದರ ಜತೆ ಗೊಣ್ಣೆಹುಳುವೂ ಬರುತ್ತದೆ. ಶುಂಠಿ ಬೆಳೆದ ಗದ್ದೆಯ ಮಣ್ಣು ಸಡಿಲವಾಗಿ, ನೋಡಲು ಚೆಂದವಾಗಿರುತ್ತದೆ. ಲಾರಿಯವರು ಕಡಿಮೆ ಬೆಲೆಗೆ ತಂದು ಸುರಿಯುತ್ತಾರೆ ಕೂಡ. ಬೇರುಗಂಟಿನ ಜಂತು, ಸೊರಗು ರೋಗ ಎರಡೂ ಅದರೊಂದಿಗೆ ಬರುವ ಅಪಾಯ ಇರುವುದರಿಂದ ಅದನ್ನು ಹಿತ್ತಲಿಗೆ ಬಿಟ್ಟುಕೊಳ್ಳದಿರುವುದೇ ಲೇಸು.

ದರಕು, ಮತ್ತು ದರಕಿನ ಜತೆ ಬರುವ ಉಣುಗು

ಮಳೆ ನಿಂತ ಹದಿನೈದು ದಿನಕ್ಕೆ ಮೇಲ್ಮಣ್ಣು ಹೆಪ್ಪುಗಟ್ಟಲು ಶುರುವಾಗುತ್ತದೆ. ಮುಚ್ಚಿಗೆ ಹಾಕಬೇಕಾದದ್ದು ಅದಕ್ಕೆ ಮುಂಚೆ, ಮಣ್ಣಿನಲ್ಲಿ ತೇವ ಇರುವಾಗ. ದರಕು (ಉದುರಿದ ಒಣ ಎಲೆ), ಕರಡ (ಒಣ ಹುಲ್ಲು), ಅಡಿಕೆ ಸಿಪ್ಪೆ, ಕತ್ತರಿಸಿದ ಸೋಗೆ ಯಾವುದಾದರೂ ಆದೀತು, ಮೂರು ಇಂಚು ದಪ್ಪ, ಗಿಡದ ಕಾಂಡದಿಂದ ಮೂರು ಇಂಚು ದೂರ. ಕಾಂಡಕ್ಕೆ ತಾಗಿಸಿದರೆ ಬುಡ ಕೊಳೆಯುತ್ತದೆ. ಅಕೇಶಿಯಾ ಎಲೆ ತೊಗಲಿನ ಹಾಗೆ, ಬೇಗ ಕಳಿಯುವುದಿಲ್ಲ. ಅದನ್ನು ಗೊಬ್ಬರಗುಂಡಿಗೆ ಹಾಕಿ ಕಾಯುವ ಬದಲು ಹಾದಿಗೂ ಹಣ್ಣಿನ ಮರದ ಪಾತಿಗೂ ಹಾಸಿ.

ಕಾಡಿನಿಂದ ದರಕು ತರುವವರು ಮಂಗನ ಕಾಯಿಲೆಯನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಈ ಕಾಯಿಲೆ ಹರಡುವುದು ಉಣುಗಿನಿಂದ, ಅಂದರೆ ಉಣ್ಣೆಯಿಂದ. ಸಾಸಿವೆಯಷ್ಟೂ ಇಲ್ಲದ ಎಳೆಯ ಉಣುಗುಗಳು ಒಣ ಎಲೆಯ ಹಾಸಿನಲ್ಲೇ ಇರುತ್ತವೆ, ಕಾಯಿಲೆಯ ಕಾಲ ಸಾಮಾನ್ಯವಾಗಿ ನವೆಂಬರ್, ಡಿಸೆಂಬರಿನಿಂದ ಬೇಸಿಗೆಯ ಕೊನೆಯವರೆಗೆ. ಹಾಗಾಗಿ ದರಕು ಬೇಕಿದ್ದರೆ ಮನೆಯ ಸುತ್ತಲಿನ ಮಾವು, ಹಲಸಿನ ಎಲೆಯನ್ನೇ ಗುಡಿಸಿಕೊಳ್ಳಿ. ಬೆಟ್ಟಕ್ಕೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ, ಕೈಕಾಲಿಗೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ. ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸುತ್ತಮುತ್ತ ಮಂಗ ಸತ್ತು ಬಿದ್ದಿದ್ದರೆ ಆ ಕಡೆ ಸುಳಿಯದೆ ಆಸ್ಪತ್ರೆಗೆ ತಿಳಿಸಿ. ಮಳೆಗಾಲದ ಉಂಬಳ (ಜಿಗಣೆ) ರಕ್ತ ಕುಡಿದು ಬಿಟ್ಟು ಹೋಗುತ್ತದೆ, ಉಣುಗಿನ ಮಾತು ಹಾಗಲ್ಲ.

ಬಿತ್ತನೆ

ಮಡಿ ಒಂದು ಮೀಟರ್ ಅಗಲ ಇರಲಿ, ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು. ಎತ್ತರ ಅರ್ಧ ಅಡಿ. ಅಂಚಿಗೆ ಅಡಿಕೆ ದಬ್ಬೆ ಕೊಟ್ಟರೆ ಕುಸಿಯುವುದಿಲ್ಲ.

ಟೊಮೇಟೊ, ಬದನೆ, ಮೆಣಸು, ಕೋಸುಗಳ ಬೀಜವನ್ನು ಅಕ್ಟೋಬರ್ ಮೊದಲ ವಾರದಲ್ಲೇ ಸೂರಿನಡಿ ಟ್ರೇಯಲ್ಲಿ ಹಾಕಿಟ್ಟರೆ ಮಡಿ ಸಿದ್ಧವಾಗುವಷ್ಟರಲ್ಲಿ 25ರಿಂದ 30 ದಿನದ ಸಸಿ ಕೈಗೆ ಬರುತ್ತದೆ, ಮೆಣಸಿಗೆ ಇನ್ನೊಂದು ವಾರ ಜಾಸ್ತಿ. ನೆಡುವ ಅಂತರ ಟೊಮೇಟೊ, ಮೆಣಸಿಗೆ 60 x 45 ಸೆಂ.ಮೀ., ಬದನೆಗೆ 60 x 60, ಎಲೆಕೋಸಿಗೆ 45 x 45, ನವಿಲುಕೋಸಿಗೆ 30 x 20. ಇಕ್ಕಟ್ಟಾಗಿ ನೆಟ್ಟರೆ ಕಾರ್ತಿಕದ ಇಬ್ಬನಿಗೆ ಎಲೆ ಹತ್ತು ಗಂಟೆಯಾದರೂ ಒಣಗುವುದಿಲ್ಲ, ರೋಗ ಅಲ್ಲಿಂದಲೇ ಆರಂಭ.

ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ಬೀನ್ಸ್, ಹರಿವೆ, ಕೊತ್ತಂಬರಿಯನ್ನು ನೇರ ಮಡಿಗೆ ಬಿತ್ತಿ. ಬೇರು ತರಕಾರಿಗಳನ್ನು ಸಸಿ ಮಾಡಿ ಕಿತ್ತು ನೆಟ್ಟರೆ ಬೇರು ಕವಲೊಡೆದು ಶುಂಠಿಯ ಆಕಾರ ತಾಳುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡಿ, ರಾತ್ರಿಯಿಡೀ ನೆನೆಸಿ ಬಿತ್ತಿದರೆ ಎಂಟು ಹತ್ತು ದಿನದಲ್ಲಿ ಮೊಳಕೆ. ಅಂಗಡಿಯ ಸಾಂಬಾರ ಬೀಜ ಹಳತಾಗಿದ್ದರೆ ಎಷ್ಟು ನೆನೆಸಿದರೂ ಹುಟ್ಟದು. ಹರಿವೆ 25 ದಿನಕ್ಕೆ, ಮೂಲಂಗಿ 45 ದಿನಕ್ಕೆ ಅಡುಗೆಮನೆ ಸೇರುತ್ತವೆ. ಎಲ್ಲವನ್ನೂ ಒಂದೇ ದಿನ ಬಿತ್ತದೆ ಹತ್ತು ದಿನದ ಅಂತರದಲ್ಲಿ ಮೂರು ಕಂತು ಮಾಡಿ. ಮಂಗನ ಕಾಟ ಇರುವ ಕಡೆ ಟೊಮೇಟೊ, ಬೀನ್ಸ್‌ಗೆ ಬಲೆ ಇಲ್ಲದೆ ಕೈ ಹಾಕುವುದು ಧೈರ್ಯದ ಕೆಲಸ. ಸೊಪ್ಪು, ಗೆಡ್ಡೆಗೆ ಹಾನಿ ಅಷ್ಟಿರುವುದಿಲ್ಲ.

ನೆಟ್ಟ ಟೊಮೇಟೊ ಏಕಾಏಕಿ ಬಾಡಿದರೆ

ನಿನ್ನೆ ಸಂಜೆ ನೆಟ್ಟಗಿದ್ದ ಗಿಡ ಇಂದು ಮಧ್ಯಾಹ್ನ ಹಸಿರಿದ್ದಂತೆಯೇ ಜೋಲು ಬಿದ್ದಿರುತ್ತದೆ. ನೀರು ಸಾಲದೆಂದು ಕೊಡ ಸುರಿಯುತ್ತಾರೆ, ಮೂರು ದಿನದಲ್ಲಿ ಗಿಡ ಸಾಯುತ್ತದೆ. ಇದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ, ಹುಳಿ ಮಣ್ಣು ಮತ್ತು ತೇವ ಎರಡೂ ಸೇರುವ ನಮ್ಮ ನೆಲದಲ್ಲಿ ಟೊಮೇಟೊ, ಬದನೆ, ಮೆಣಸಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ.

ಗುರುತು ಹಿಡಿಯುವುದು ಸುಲಭ. ಬಾಡಿದ ಗಿಡದ ಬುಡದಿಂದ ಮೂರಿಂಚು ಕಾಂಡ ಚೊಕ್ಕವಾಗಿ ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ಕೊಯ್ದ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಅಲುಗಿಸಬಾರದು. ಐದು ನಿಮಿಷದೊಳಗೆ ಆ ತುದಿಯಿಂದ ಹಾಲಿನಂಥ ಎಳೆ ಹೊಗೆಯಾಡುತ್ತ ತಳಕ್ಕೆ ಇಳಿದರೆ ಅನುಮಾನವಿಲ್ಲ, ಅದು ದುಂಡಾಣು. ಎಳೆ ಕಾಣದೆ ಕಾಂಡದ ಒಳಗೆ ಕಂದು ಬಣ್ಣ ಮಾತ್ರ ಇದ್ದರೆ ಶಿಲೀಂಧ್ರದ ಸೊರಗು, ಬೇರಿನ ಮೇಲೆ ಗಂಟುಗಳಿದ್ದರೆ ಜಂತು.

ದುಂಡಾಣು ಬಂದ ಗಿಡಕ್ಕೆ ಔಷಧಿ ಹುಡುಕಬೇಡಿ. ಬುಡದ ಮಣ್ಣು ಸಮೇತ ಎತ್ತಿ ಒಯ್ದು ಸುಡಿ, ಗುದ್ದಲಿ ಕತ್ತಿ ತೊಳೆಯಿರಿ, ಆ ಮಡಿಯ ನೀರು ಪಕ್ಕದ ಮಡಿಗೆ ಹರಿಯದಂತೆ ತಡೆಯಿರಿ. ಮೂರು ವರ್ಷ ಅಲ್ಲಿ ಬದನೆ ಜಾತಿಯ ಯಾವುದೂ ಬೇಡ. ಬೀನ್ಸ್, ಜೋಳ, ಕೋಸು ಹಾಕಿ. ಟ್ರೈಕೋಡರ್ಮಾ ಶಿಲೀಂಧ್ರಕ್ಕೆ ಹೇಳಿ ಮಾಡಿಸಿದ್ದು, ಇದಕ್ಕೆ ಅದನ್ನು ನಂಬಿ ಕೂರಬೇಡಿ. ನಿಜವಾದ ಪರಿಹಾರ ತಳಿಯಲ್ಲಿದೆ: ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಅಭಾ ಟೊಮೇಟೊ, ಅರ್ಕಾ ಕೇಶವ್, ಅರ್ಕಾ ನಿಧಿ, ಅರ್ಕಾ ನೀಲಕಂಠ ಬದನೆ ಈ ರೋಗವನ್ನು ತಡೆದುಕೊಳ್ಳುತ್ತವೆ. ಊರ ಬದನೆಯ ರುಚಿಯೇ ಬೇಕು ಎನ್ನುವವರು ಅದನ್ನು ಸುಂಡೆಕಾಯಿ ಗಿಡದ ಮೇಲೆ ಕಸಿ ಕಟ್ಟಬಹುದು. ಸುಂಡೆಯ ಬೇರಿಗೆ ಸೊರಗು ತಾಗುವುದು ಅಪರೂಪ.

ಡೇರೆ ಗೆಡ್ಡೆ ಎತ್ತಿಡುವುದು

ಮಳೆಗಾಲವಿಡೀ ಅಂಗಳಕ್ಕೆ ಕಳೆ ಕೊಟ್ಟ ಡೇರೆ (ಡೇಲಿಯಾ) ಅಕ್ಟೋಬರ್ ಕೊನೆಗೆ ಸೊಪ್ಪು ಒಣಗಿಸಿಕೊಳ್ಳುತ್ತದೆ. ಗೆಡ್ಡೆಯನ್ನು ಎತ್ತಿಡುವುದರಲ್ಲಿ ತಪ್ಪಿದರೆ ಮೇ ತಿಂಗಳಲ್ಲಿ ನೆಂಟರ ಮನೆಗೆ ಗೆಡ್ಡೆ ಬೇಡಲು ಹೋಗುವುದೇ ಗತಿ.

ಹೂ ಇರುವಾಗಲೇ ಬುಡಕ್ಕೆ ಆಯಾ ಬಣ್ಣದ ಬಟ್ಟೆಯ ಚೂರು ಕಟ್ಟಿಡಿ, ಗೆಡ್ಡೆ ನೋಡಿ ಬಣ್ಣ ಹೇಳಲು ಯಾರಿಂದಲೂ ಆಗದು. ಸೊಪ್ಪು ಮುಕ್ಕಾಲು ಪಾಲು ಹಳದಿಯಾದ ಮೇಲೆ ಕಾಂಡವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಹತ್ತು ದಿನ ನೀರು ಕೊಡದೆ ಬಿಡಿ. ಈ ಹತ್ತು ದಿನದಲ್ಲಿ ಗೆಡ್ಡೆಯ ಸಿಪ್ಪೆ ಬಲಿಯುತ್ತದೆ. ಆಮೇಲೆ ಬುಡದಿಂದ ಒಂದಡಿ ದೂರದಲ್ಲಿ ಸುತ್ತ ಅಗೆದು, ಕೆಳಗಿನಿಂದ ಮಣ್ಣು ಸಮೇತ ಎತ್ತಿ. ಕಾಂಡ ಹಿಡಿದು ಎಳೆಯಕೂಡದು. ಕಾರಣ ಇಷ್ಟೇ: ಡೇರೆಯ ಮೊಳಕೆಯ ಕಣ್ಣು ಗೆಡ್ಡೆಯ ಮೈಮೇಲಿಲ್ಲ, ಗೆಡ್ಡೆ ಕಾಂಡಕ್ಕೆ ಸೇರುವ ಕತ್ತಿನ ಮೇಲಿದೆ. ಆಲೂಗೆಡ್ಡೆಯಂತೆ ತುಂಡು ಮಾಡಿ ನೆಟ್ಟರೆ ಹುಟ್ಟುವುದಿಲ್ಲ. ಕತ್ತು ಮುರಿದ ಗೆಡ್ಡೆ ಎಷ್ಟು ದಪ್ಪಗಿದ್ದರೂ ಅದು ಬರೀ ಗೆಡ್ಡೆ. ಪಾಲು ಮಾಡುವುದಿದ್ದರೆ ಪ್ರತಿ ಪಾಲಿಗೂ ಹಳೇ ಕಾಂಡದ ಒಂದು ಚೂರು ಇರುವಂತೆ ಕೊಯ್ಯಿರಿ. ಕಣ್ಣು ಉಬ್ಬಿ ಕಾಣುವ ಮೇ ತಿಂಗಳವರೆಗೆ ಕಾದು ಮಾಡಿದರೆ ಇನ್ನೂ ಒಳ್ಳೆಯದು.

ಮಣ್ಣು ಕೊಡವಿ, ಟೊಳ್ಳು ಕಾಂಡದೊಳಗಿನ ನೀರು ಇಳಿಯಲು ತಲೆಕೆಳಗಾಗಿ ನೆರಳಲ್ಲಿ ನಾಲ್ಕು ದಿನ ಇಡಿ. ಕೊಳೆತ, ಮೆತ್ತಗಾದ ಭಾಗ ಕೊಯ್ದು ತೆಗೆದು, ಗಾಯಕ್ಕೆ ಒಲೆ ಬೂದಿ ಮೆತ್ತಿ. ಬುಟ್ಟಿ ಅಥವಾ ಹಳೇ ಕುಂಡದಲ್ಲಿ ಒಣ ಮರಳಿನ ನಡುವೆ ಒಂದಕ್ಕೊಂದು ತಾಗದಂತೆ ಜೋಡಿಸಿ, ಮೇಲೆ ತಂತಿಬಲೆ ಮುಚ್ಚಿ. ಇಲಿ, ಹೆಗ್ಗಣಗಳಿಗೆ ಡೇರೆ ಗೆಡ್ಡೆ ಎಂದರೆ ಬಲು ಪ್ರೀತಿ. ತಿಂಗಳಿಗೊಮ್ಮೆ ಬಗೆದು ನೋಡಿ: ಸುಕ್ಕುಗಟ್ಟಿದ್ದರೆ ಮರಳಿಗೆ ಒಂದು ಹನಿಸು ನೀರು, ಕೊಳೆತಿದ್ದರೆ ಆ ಗೆಡ್ಡೆ ಆಚೆಗೆ. ಕುಂಡದಲ್ಲೇ ಬೆಳೆಸಿದ ಡೇರೆಗೆ ಇಷ್ಟು ಪಾಡಿಲ್ಲ, ಕುಂಡವನ್ನೇ ಮಳೆ ತಾಗದ ಕಡೆ ಅಡ್ಡ ಮಲಗಿಸಿ ಬಿಟ್ಟರಾಯಿತು.

ಗುಲಾಬಿಗೆ ಕತ್ತರಿ, ಮಲ್ಲಿಗೆಗೆ ಇನ್ನೂ ಬೇಡ

ಗುಲಾಬಿಯನ್ನು ಸವರುವುದು ಮಳೆ ಪೂರ್ತಿ ನಿಂತ ಮೇಲೆ. ಕೊಯ್ದ ತುದಿಗೆ ಮಳೆನೀರು ಬಿದ್ದರೆ ಅಲ್ಲಿಂದ ಕಪ್ಪಾಗುತ್ತ ಕೆಳಗಿಳಿಯುವ ಒಣಗು ರೋಗ ಬರುತ್ತದೆ. ಒಣಕಲು, ಪೆನ್ಸಿಲಿಗಿಂತ ತೆಳುವಾದ, ಒಳಗೆ ಒಂದಕ್ಕೊಂದು ತಿಕ್ಕುವ ಕೊಂಬೆ ತೆಗೆದು ನಾಲ್ಕೈದು ಗಟ್ಟಿ ಕೊಂಬೆ ಉಳಿಸಿ, ಅವನ್ನು ಮೊಣಕಾಲೆತ್ತರಕ್ಕೆ ತನ್ನಿ. ಕತ್ತರಿ ಹೊರಮುಖದ ಕಣ್ಣಿನಿಂದ ಕಾಲಿಂಚು ಮೇಲೆ, ಓರೆಯಾಗಿ. ಕೊಯ್ದ ಜಾಗದ ನಡುಭಾಗ ಕಂದಿದ್ದರೆ ಬಿಳಿ ತಿರುಳು ಸಿಗುವ ತನಕ ಕೆಳಗಿಳಿಯಿರಿ, ತುದಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಶಿಲೀಂಧ್ರನಾಶಕ) ಮುಲಾಮು ಹಚ್ಚಿ, ಅಳತೆ ಮುಂದಿದೆ. ಸವರಿದ 45ರಿಂದ 50 ದಿನಕ್ಕೆ ಹೂ. ಬಯಲುಸೀಮೆಯವರು ಈಗ ಬುಡ ಬಿಡಿಸಿ ಬೇರನ್ನು ಬಿಸಿಲಿಗೆ ಒಡ್ಡುತ್ತಾರೆ, ನಮ್ಮ ತೇವದ ನೆಲದಲ್ಲಿ ಅದರಿಂದ ಗಾಯವೇ ಹೆಚ್ಚು. ಊರ ಪನ್ನೀರು ಗುಲಾಬಿಗೆ ಒಣಕಡ್ಡಿ ತೆಗೆದರೆ ಸಾಕು.

ಬೇಸಿಗೆಯಲ್ಲಿ ಬಿಡುವ ದುಂಡು ಮಲ್ಲಿಗೆಯನ್ನು ಅಕ್ಟೋಬರಿನಲ್ಲಿ ಮುಟ್ಟಬೇಡಿ. ನವೆಂಬರಿನಲ್ಲಿ ನೀರು ಇಳಿಸಿ, ಡಿಸೆಂಬರಿನಲ್ಲಿ ನೆಲದಿಂದ ಒಂದೂವರೆ ಅಡಿಗೆ ಸವರಿ. ಸೇವಂತಿಗೆ ಈಗ ಮೊಗ್ಗಿನಲ್ಲಿರುತ್ತದೆ, ಹಗಲು ಕಿರಿದಾದಾಗ ಹೂ ಬಿಡುವ ಗಿಡ ಅದು. ರಾತ್ರಿಯಿಡೀ ಉರಿಯುವ ಅಂಗಳದ ಲೈಟಿನ ಕೆಳಗಿಟ್ಟರೆ ಮೊಗ್ಗೇ ಕಟ್ಟದು.

ಬೋರ್ಡೋ, ಹಿತ್ತಲಿನ ಅಳತೆಯಲ್ಲಿ

ಅಡಿಕೆ ತೋಟದವರಿಗೆ ಇದು ಹೊಸದಲ್ಲ, ಆದರೆ ನೂರು ಲೀಟರಿನ ಲೆಕ್ಕವನ್ನು ಹತ್ತು ಲೀಟರಿಗೆ ಇಳಿಸುವಾಗ ಎಡವುತ್ತಾರೆ. ಶೇ 1ರ ದ್ರಾವಣಕ್ಕೆ 100 ಗ್ರಾಂ ಮೈಲುತುತ್ತವನ್ನು ಪ್ಲಾಸ್ಟಿಕ್ ಬಕೆಟಿನ 5 ಲೀಟರ್ ನೀರಿನಲ್ಲಿ, 100 ಗ್ರಾಂ ಸುಟ್ಟ ಸುಣ್ಣವನ್ನು ಇನ್ನೊಂದರ 5 ಲೀಟರಿನಲ್ಲಿ ಕರಗಿಸಿ, ಸೋಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕದಡಿ. ತಿರುಗುಮುರುಗಾದರೆ ದ್ರಾವಣ ಒಡೆದು ತಳ ಹಿಡಿಯುತ್ತದೆ. ಹೊಳೆಯುವ ಬ್ಲೇಡನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಲೇಪ ಬಂದರೆ ತಾಮ್ರ ಹೆಚ್ಚಿದೆ, ಲೇಪ ನಿಲ್ಲುವ ತನಕ ಸುಣ್ಣದ ತಿಳಿ ಸೇರಿಸಿ. ಅವತ್ತೇ ಮುಗಿಸಬೇಕು. ಕಜ್ಜಿ ಹಿಡಿದ ನಿಂಬೆಗೆ ರೋಗದ ಕಡ್ಡಿ ಕೊಯ್ದ ಮೇಲೆ, ವೀಳ್ಯದೆಲೆ ಮತ್ತು ಕಾಳುಮೆಣಸಿನ ಬಳ್ಳಿಗೆ ಬುಡದಿಂದ ಮೇಲಕ್ಕೆ ಸಿಂಪಡಿಸಿ, ವೀಳ್ಯದಲ್ಲಿ ಮೊದಲು ಎಲೆ ಕೊಯ್ದುಕೊಳ್ಳಿ. ಮುಲಾಮಿಗೆ ಅದೇ 100, 100 ಗ್ರಾಮನ್ನು ಒಟ್ಟು ಒಂದು ಲೀಟರ್ ನೀರಿನಲ್ಲಿ ಮಾಡಿ. ಟ್ರೈಕೋಡರ್ಮಾ ಗೊಬ್ಬರ ಹಾಕಿದ ಬುಡಕ್ಕೆ ಬೋರ್ಡೋ ಸುರಿದರೆ ಮೊದಲು ಸಾಯುವುದು ಟ್ರೈಕೋಡರ್ಮಾ.

ಹಣ್ಣಿನ ಮರ, ಕುಂಡ, ಬಸವನಹುಳು

ಮಾವಿಗೆ ಈಗ ಗೊಬ್ಬರವೂ ಬೇಡ, ನೀರೂ ಬೇಡ. ಒಣಗು ಮತ್ತು ಚಳಿ ಸೇರಿದರೆ ಚಿಗುರಿನ ಬದಲು ಹೂ ಬರುತ್ತದೆ. ಪಕ್ಕದ ತರಕಾರಿ ಮಡಿಯ ನೀರು ಪಾತಿಗೆ ಹರಿದರೂ ಮರ ಸೊಪ್ಪು ಬಿಡುತ್ತ ಕೂರುತ್ತದೆ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ನೀರು ಕೊಡಿ. ಹಲಸಿನ ಕಾಂಡದ ಪಾಚಿ, ಒಣ ತೊಟ್ಟು ಕೆರೆದು ಬಿಡಿ. ಬಾಳೆಯಲ್ಲಿ ಬುಡಕ್ಕೊಂದು ಕಂದು ಉಳಿಸಿ ಉಳಿದವನ್ನು ತೆಗೆಯಿರಿ.

ಕುಂಡದ ಮಣ್ಣು ಮಳೆಗೆ ತೊಳೆದು ಬರೀ ಜಲ್ಲಿಯಾಗಿರುತ್ತದೆ. ಮೇಲಿನ ಎರಡಿಂಚು ಪಾಚಿಗಟ್ಟಿದ ಮಣ್ಣು ತೆಗೆದು, ತಳದ ತೂತಿಗೆ ಕಡ್ಡಿ ತೂರಿಸಿ ಬಿಡಿಸಿ, ಹೊಸ ಗೊಬ್ಬರ ಮಣ್ಣಿನ ಜತೆ ಒಂದು ಹಿಡಿ ಬೇವಿನ ಹಿಂಡಿ ಕೊಡಿ. ತೂತಿನಿಂದ ಬೇರು ಇಣುಕುತ್ತಿದ್ದರೆ ಎರಡಿಂಚು ದೊಡ್ಡ ಕುಂಡಕ್ಕೆ ಬದಲಿಸಿ. ಕೆಮ್ಮಣ್ಣು ಎರಡು ಪಾಲು, ಕೊಳೆತ ದರಕು ಒಂದು, ಗೊಬ್ಬರ ಒಂದು, ಮರಳು ಒಂದು ಪಾಲು ಸಾಕು.

ಬಸವನಹುಳು, ಸಿಂಬಳದ ಹುಳುಗಳಿಗೆ ಸಂಜೆ ಒದ್ದೆ ಗೋಣಿಯಡಿ ಪಪ್ಪಾಯ ಸಿಪ್ಪೆ ಇಡಿ, ಬೆಳಗ್ಗೆ ಗೋಣಿ ಎತ್ತಿದರೆ ಗುಂಪಾಗಿ ಸಿಗುತ್ತವೆ. ಉಪ್ಪುನೀರಿನ ಬಕೆಟಿಗೆ ಹಾಕಿ. ಉಪ್ಪನ್ನು ಮಡಿಗೇ ಎರಚಿದರೆ ಗಿಡವೂ ಹೋಗುತ್ತದೆ. ಅಂಗಡಿಯ ಮೆಟಾಲ್ಡಿಹೈಡ್ ಗುಳಿಗೆ ನಾಯಿಗೂ ವಿಷ, ನಾಯಿ ಇರುವ ಮನೆಗೆ ತರಬೇಡಿ.

ಇಬ್ಬನಿ ಮತ್ತು ನೀರು

ದೀಪಾವಳಿ ಕಳೆದ ಮೇಲೆ ಹಗಲು ಬಿಸಿಲು, ಬೆಳಗಿನ ಜಾವ ಎಲೆಯ ತುದಿಯಲ್ಲಿ ಹನಿ. ಇದೇ ಹವೆಗೆ ಗುಲಾಬಿ, ಬಟಾಣಿ, ಕುಂಬಳದ ಎಲೆ ಮೇಲೆ ಬೂದಿ ರೋಗ ಬರುತ್ತದೆ. ಮೊದಲ ಬಿಳಿ ಚುಕ್ಕೆ ಕಂಡಾಗಲೇ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಬೆರೆಸಿ ತಂಪು ಹೊತ್ತಿನಲ್ಲಿ ಸಿಂಪಡಿಸಿ, ಕುಂಬಳದ ಎಳೆ ಎಲೆ ಕೆಲವೊಮ್ಮೆ ಗಂಧಕಕ್ಕೆ ಸುಡುವುದರಿಂದ ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ನೋಡಿ. ಅವರೆಯ ಗಿಡಹೇನಿಗೆ ಬೇವಿನೆಣ್ಣೆ ಲೀಟರಿಗೆ 5 ಮಿ.ಲೀ., ಜತೆಗೆ ಎಣ್ಣೆ ನೀರಲ್ಲಿ ಬೆರೆಯುವಷ್ಟು ಸೋಪಿನ ನೀರು.

ಈಗ ನೀರು ಹಾಕುವುದು ಬೆಳಗ್ಗೆಯೇ ಒಳ್ಳೆಯದು, ಸಂಜೆ ಎಲೆ ತೋಯಿಸಿದರೆ ಇಬ್ಬನಿಗೆ ನೀವೇ ಮುಂಗಡ ಕೊಟ್ಟಂತೆ. ಬೆಳೆದು ನಿಂತ ತರಕಾರಿಗೆ ಚದರ ಮೀಟರಿಗೆ ದಿನಕ್ಕೆ 4ರಿಂದ 5 ಲೀಟರ್, ದರಕು ಮುಚ್ಚಿದ ಮಡಿಗೆ ಎರಡು ದಿನಕ್ಕೊಮ್ಮೆ 8 ಲೀಟರ್. ಪೈಪಿನ ರಭಸಕ್ಕೆ ಬುಡದ ಮಣ್ಣು ಹಾರದಂತೆ ತುದಿಗೆ ಗೋಣಿಚೂರು ಕಟ್ಟಿ. ಬೇಕೋ ಬೇಡವೋ ಎಂದು ಅನುಮಾನ ಬಂದ ದಿನ ದರಕು ಸರಿಸಿ ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ಮಣ್ಣಿಗೆ ತೂರಿಸಿ. ತುದಿಗೆ ತಂಪು ತಾಗಿದರೆ ಅವತ್ತು ಪೈಪ್ ಬಿಚ್ಚಬೇಡಿ.